ಹಿಡಿಯ ಕಡೆ ಹಾರಿದ ಕೊಕ್ಕರೆ

ನವೆಂಬರ್ ಹದಿನೆಂಟು, ಸೋಮವಾರ. ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಕಾಜಿಹಾರಾ ಠಾಣೆಗೆ ಬಂದವರು ಶಾಫ್ಟ್ ಕಾರ್ಖಾನೆಯ ಯಜಮಾನ ಕಿರಿಯಾ. ಕಂಕುಳಲ್ಲಿ ಹಳೇ ಪತ್ರಿಕೆ ಸುತ್ತಿದ ಎರಡು ಉದ್ದನೆಯ ಕೊಳವೆಗಳಿದ್ದವು. ಇನ್‌ಸ್ಪೆಕ್ಟರ್ ನಿಶಿಗಾಕಿ ಆಗಷ್ಟೇ ಸೀಮೆಎಣ್ಣೆ ಒಲೆ ಹೊತ್ತಿಸಿ, ನೋಯುವ ಮೊಣಕಾಲನ್ನು ಅದರತ್ತ ಚಾಚಿ ಕೂತಿದ್ದರು. ಅವರ ನಿವೃತ್ತಿಗೆ ಇನ್ನೂ ಹದಿನಾಲ್ಕು ತಿಂಗಳಿತ್ತು. ಮೊಣಕಾಲು ಆಗಲೇ ನಿವೃತ್ತಿ ತೆಗೆದುಕೊಂಡಿತ್ತು.

"ಇವು ನಮ್ಮವೇ ಸಾರ್. ಆದ್ರೆ ನಮ್ಮವಲ್ಲ," ಎಂದರು ಕಿರಿಯಾ.

"ಕೂತ್ಕೊಳ್ಳಿ. ಎರಡರಲ್ಲಿ ಒಂದು ಹೇಳಿ."

ಕಾನ್‌ಸ್ಟೇಬಲ್ ಓಗುರಾ ದೂರನ್ನು ಬರೆದುಕೊಂಡಳು. ಗಾಲ್ಫ್ ಕೋಲಿನ ಹಿಡಿಗೂ ತಲೆಗೂ ನಡುವಿನ ಉಕ್ಕಿನ ಕೊಳವೆಯೇ ಶಾಫ್ಟ್. ಕಿರಿಯಾ ಅವರ ಕಾರ್ಖಾನೆಯಲ್ಲಿ ಪರೀಕ್ಷೆ ಗೆದ್ದ ಶಾಫ್ಟಿಗೆ ಮಾತ್ರ ಹಾರುವ ಬೆಳ್ಳಿ ಕೊಕ್ಕರೆಯ ಚಿತ್ರ ಅಂಟಿಸುತ್ತಾರೆ. ಅದು ನೀರಿನಲ್ಲಿ ನೆನೆಸಿ ಅಂಟಿಸುವ, ಈರುಳ್ಳಿ ಸಿಪ್ಪೆಗಿಂತ ತೆಳುವಾದ ಚಿತ್ರ. ಊರಿನವರ ಬಾಯಲ್ಲಿ ಅದರ ಹೆಸರು ಪೊರೆ. ಸೋತ ಶಾಫ್ಟುಗಳನ್ನು ಮೂರು ತುಂಡು ಮಾಡಿ ಗುಜರಿಗೆ ಹಾಕುತ್ತಾರೆ. ಹಿಮೆಜಿಯ ಅಂಗಡಿಯೊಂದು ಅನುಮಾನಪಟ್ಟು ಕಳುಹಿಸಿದ ಈ ಎರಡೂ ಸೋತ ಶಾಫ್ಟುಗಳೇ. ಆದರೂ ಅವು ತುಂಡಾಗಿಲ್ಲ, ಮೈಮೇಲೆ ಕೊಕ್ಕರೆಯಿದೆ. ಕಾರ್ಖಾನೆಯ ಬೀರುವಿನಿಂದ ಇನ್ನೂರಕ್ಕೂ ಹೆಚ್ಚು ಪೊರೆಗಳು ಕಾಣೆಯಾಗಿವೆ.

"ಬೀಸುವಾಗ ಇದು ಮುರಿದ್ರೆ ಚೂಪು ತುದಿ ಯಾರ ಕಣ್ಣಿಗೆ ಹೊಕ್ಕುತ್ತೋ. ಆಮೇಲೆ ನನ್ನ ಹೆಸರು ಹೇಳ್ತಾರೆ."

"ಯಾರ ಮೇಲಾದ್ರೂ ಅನುಮಾನ?"

"ಅನುಮಾನ ಏನು ಬಂತು! ಬೀರುವಿನ ಕೀಲಿ ಇರೋದು ದಿಯೆಮ್ ಹತ್ರ. ವಿಯೆಟ್ನಾಂನಿಂದ ತರಬೇತಿಗೆ ಅಂತ ಬಂದಿರೋ ಹೆಂಗಸು. ಅವಳನ್ನ ಕರೆಸಿದ ಏಜೆನ್ಸಿಗೆ ತಿಳಿಸಿದ್ದೀನಿ. ಶುಕ್ರವಾರದೊಳಗೆ ಬೇರೆ ಯಾರೋ ಅಂತ ಗೊತ್ತಾಗದಿದ್ರೆ ಶನಿವಾರ ವಿಮಾನ ಹತ್ತಿಸ್ತಾರೆ."

"ದೂರು ಕೊಡೋ ಮುಂಚೆ ಟಿಕೆಟ್ಟೂ ತೆಗೆಸಿಬಿಟ್ರಾ?"

ಕಿರಿಯಾ ಕತ್ತು ತಗ್ಗಿಸಿದರು. ಪ್ರಥಮ ವರ್ತಮಾನ ವರದಿ ದಾಖಲಾದಾಗ ಹತ್ತು ಗಂಟೆ ಐದು ನಿಮಿಷ.

ಕಾರ್ಖಾನೆ ನದಿಯ ಆಚೆ ದಡದಲ್ಲಿದೆ. ದಾರಿಯ ತಿರುವಿನಲ್ಲಿ ಕೆಂಪು ಬಟ್ಟೆ ತೊಟ್ಟ ಕಲ್ಲಿನ ಜಿಜೋ ದೇವರಿಗೆ ನಿಶಿಗಾಕಿ ಎಂದಿನಂತೆ ತಲೆಬಾಗಿದರು. ಮೂವತ್ತಾರು ವರ್ಷ ಈ ತಿರುವಿನಲ್ಲಿ ಅವರು ಬೇಡಿದ್ದು ಒಂದೇ: ಇವತ್ತಿನ ಪ್ರಕರಣದಲ್ಲಿ ಯಾರಿಗೂ ಪೆಟ್ಟಾಗದಿರಲಿ. ದೇವರು ಕೆಲವೊಮ್ಮೆ ಕೇಳಿಸಿಕೊಂಡಿದ್ದ.

ಪೊರೆ ಅಂಟಿಸುವ ಕೋಣೆಯಲ್ಲಿ ಆರು ಮಂದಿ ಹೆಂಗಸರು ಸಾಲಾಗಿ ಕೂತಿದ್ದರು. ಅವರ ಮುಖ್ಯಸ್ಥೆ ಅತ್ಸುಕೊಗೆ ಅರವತ್ತೆರಡು ವಯಸ್ಸು, ನಾಲಿಗೆ ಮಾತ್ರ ಇಪ್ಪತ್ತರದು.

"ಪೊಲೀಸ್ರು ಬಂದ್ರು ಅಂತ ಯಾರೂ ಕೈ ನಡುಗಿಸ್ಬೇಡ್ರೇ. ಗುಳ್ಳೆ ಬಿದ್ರೆ ಇವರೇನು ಬಂದು ಒತ್ತಿ ಕೊಡಲ್ಲ," ಎಂದು ಅತ್ತ ಕೂಗಿ, ಇತ್ತ ತಿರುಗಿದಳು. "ಕೇಳಿ ಸಾರ್."

"ಕೇಳೋದಿಲ್ಲ. ಮೊದಲು ಮಾಡಿ ತೋರಿಸಿ."

ಅತ್ಸುಕೊ ಒಂದು ಪೊರೆಯನ್ನು ಉಗುರುಬೆಚ್ಚಗಿನ ನೀರಿಗೆ ಬಿಟ್ಟು ಇಪ್ಪತ್ತರವರೆಗೆ ಎಣಿಸಿದಳು. ಕಾಗದವನ್ನು ಶಾಫ್ಟಿನ ಮೇಲಿಟ್ಟು ಹೆಬ್ಬೆರಳಿನಿಂದ ನೂಕಿದಾಗ ಕೊಕ್ಕರೆ ಕಾಗದ ಬಿಟ್ಟು ಉಕ್ಕಿಗೆ ಜಾರಿತು. ನಡುವಿನಿಂದ ಅಂಚಿಗೆ ಒತ್ತಿ ನೀರು ಹಿಂಡಿದಳು. ಪೊರೆ ಸುತ್ತಿ ಬಂದು ತನ್ನನ್ನೇ ಕೂಡುವ ಕಡೆ ಕಣ್ಣಿಗೆ ಕಾಣದಂಥ ಗೆರೆ.

"ಇದು ಕೂಡು. ಒಣಗಿದ ಮೇಲೆ ಉಗುರು ಸುತ್ತಿಸಿ ನೋಡ್ತೀವಿ. ಉಗುರು ಜೋರಾಗಿ ತಡೆದ್ರೆ ವಾಪಸ್ಸು. ಸ್ವಲ್ಪ ತಡೆದ್ರೆ ಪಾಸು."

"ತಡೆಯದೇ ಇದ್ರೆ?"

"ತಡೆಯದೇ ಇರೋದು ಅಂತ ಇಲ್ಲ ಈಗ," ಎಂದಳು ಅತ್ಸುಕೊ.

ದಿಯೆಮ್ ಮೂವತ್ತಮೂರರ ಹೆಂಗಸು. ಕೇಳುವ ಮೊದಲೇ ಕೀಲಿಯನ್ನು ಮೇಜಿನ ಮೇಲಿಟ್ಟಳು.

"ಬೀರು ತೆಗೆಯೋದು ನೀವೇನಾ?"

"ಹೌದು ಸಾರ್. ಬೆಳಿಗ್ಗೆ ಎಂಟಕ್ಕೆ ತೆಗೀತೀನಿ, ಸಂಜೆ ಹಾಕ್ತೀನಿ."

"ನಡುವೆ?"

"ನಡುವೆ ತೆರೆದೇ ಇರುತ್ತೆ. ಎಲ್ಲಾರೂ ತಗೋತಾರೆ. ತಿಂಗಳ ಕೊನೆಗೆ ಉಗ್ರಾಣದ ಅಜ್ಜ ಲೆಕ್ಕ ಹಾಕ್ತಾರೆ."

"ಮನೆಗೆ ಯಾವತ್ತಾದ್ರೂ ಒಯ್ದಿದ್ದೀರಾ?"

"ಒಂದು ಒಯ್ದೆ. ಹರಿದದ್ದು. ಮಗಳಿಗೆ ಫೋನಲ್ಲಿ ತೋರಿಸೋಕೆ." ಅವಳ ಕಣ್ಣು ತುಂಬಿದವು, ದನಿ ಅಲುಗಲಿಲ್ಲ. "ಕಳ್ಳಿ ಅಂತ ಕಳಿಸಿದ್ರೆ ಇನ್ನು ಯಾವ ದೇಶವೂ ಕರೆಯಲ್ಲ ಸಾರ್. ಬೈದು ಕಳಿಸ್ಲಿ ಬೇಕಾದ್ರೆ. ಆ ಹೆಸರು ಬೇಡ."

ಉಗ್ರಾಣದ ಅಜ್ಜ ಸೊಗಾಬೆ. ಎಪ್ಪತ್ತೊಂದು ವಯಸ್ಸು, ನಲವತ್ತನಾಲ್ಕು ವರ್ಷದ ನೌಕರಿ. ಸೋತ ಶಾಫ್ಟುಗಳನ್ನು ಕತ್ತರಿಸಿ ಗುಜರಿಗೆ ಕಟ್ಟುವುದೂ ಅವರದೇ ಕೆಲಸ. ಇನ್‌ಸ್ಪೆಕ್ಟರಿಗೆ ಬಾರ್ಲಿ ಚಹಾ ಬಗ್ಗಿಸಿ ಕೊಟ್ಟರು.

"ಎಲ್ಲವನ್ನೂ ಕತ್ತರಿಸ್ತೀರಾ?"

"ಯಂತ್ರ ಇದೆಯಲ್ಲ ಸಾರ್."

ಪ್ರಶ್ನೆಗೆ ಅದು ಉತ್ತರವಲ್ಲ ಎಂಬುದನ್ನು ನಿಶಿಗಾಕಿ ಗಮನಿಸಿದರು, ಚಹಾ ಕುಡಿದರು. ಬೀರು ಮತ್ತು ಉಗ್ರಾಣದ ಪಂಚನಾಮೆ ಮಧ್ಯಾಹ್ನ ಒಂದೂವರೆಗೆ ಮುಗಿಯಿತು. ಸಹಿ ಹಾಕುವಾಗ ಐದು ಗಂಟೆಯ ತನಕ ಉಳಿಯಬೇಕಾಗುತ್ತದೆಯೇ ಎಂದು ಸೊಗಾಬೆ ಎರಡು ಸಲ ಕೇಳಿದರು.

ಮಂಗಳವಾರವಿಡೀ ಕಾಗದಪತ್ರದಲ್ಲೇ ಹೋಯಿತು. ಹಿಮೆಜಿಯ ಅಂಗಡಿಯವನ ಹೇಳಿಕೆ ಬಂತು. ಇಂಟರ್‌ನೆಟ್ಟಿನಲ್ಲಿ ಆ ಶಾಫ್ಟುಗಳನ್ನು ಅವನಿಗೆ ಮಾರಿದವನ ವಿಳಾಸ ಕೇಳಿ ಓಗುರಾ ನಾಲ್ಕು ಕಚೇರಿಗಳಿಗೆ ಪತ್ರ ಬರೆದಳು. ನಿಶಿಗಾಕಿ ಹಿಮೆಜಿಯಿಂದ ಬಂದ ಶಾಫ್ಟನ್ನು ಮೇಜಿನ ಮೇಲಿಟ್ಟುಕೊಂಡು ಆಗಾಗ ಹೆಬ್ಬೆರಳ ಉಗುರು ಸುತ್ತಿಸುತ್ತಿದ್ದರು.

"ಓಗುರಾ, ನಿನ್ನ ಉಗುರು ಉದ್ದ ಇದೆ. ನೋಡು."

ಅವಳು ಸುತ್ತಿಸಿದಳು. ಮತ್ತೊಮ್ಮೆ ಸುತ್ತಿಸಿದಳು. "ಕೂಡು ಎಲ್ಲಿದೆ ಸಾರ್?"

"ಅದನ್ನೇ ನಾನೂ ಹುಡುಕ್ತಾ ಇದ್ದೀನಿ. ನಕಲಿ ಮಾಲು ಅಸಲಿಗಿಂತ ಚೆನ್ನಾಗಿದೆ ಮಾರಾಯ್ತಿ."

ಬುಧವಾರ ಬೆಳಿಗ್ಗೆ ಹತ್ತಕ್ಕೆ ಆ ಶಾಫ್ಟನ್ನು ಅತ್ಸುಕೊಳ ಮುಂದಿಟ್ಟರು. ಅವಳು ಕೈಗೆತ್ತಿಕೊಳ್ಳುವ ಮೊದಲೇ ಪಕ್ಕದಲ್ಲಿದ್ದ ದಿಯೆಮ್ ಹೇಳಿದಳು:

"ಅಕ್ಕ, ಕೊಕ್ಕರೆ ತಲೆಕೆಳಗು."

ನಿಜ. ಕಾರ್ಖಾನೆಯ ಕೊಕ್ಕರೆಗಳೆಲ್ಲ ಕೋಲಿನ ತಲೆಯತ್ತ ಕೊಕ್ಕು ಮಾಡಿದ್ದವು. ಇದು ಹಿಡಿ ಕೂರುವ ದಪ್ಪ ತುದಿಯ ಕಡೆಗೆ ಹಾರುತ್ತಿತ್ತು.

"ತಲೆಕೆಳಗಲ್ಲ," ಎಂದಳು ಅತ್ಸುಕೊ ನಿಧಾನವಾಗಿ. "ಮೊದಲು ಹೀಗೇ ಅಂಟಿಸ್ತಿದ್ವಿ. ಆಡೋನು ಕೋಲು ಹಿಡಿದು ಕೆಳಗೆ ನೋಡಿದ್ರೆ ಹಕ್ಕಿ ಅವನ ಕೈಗೆ ಹಾರಿ ಬರ್ಬೇಕು. ಏಳು ವರ್ಷದ ಹಿಂದೆ ಅಂಗಡಿಯವರು ಬೇಡ ಅಂದ್ರು. ಚೀಲದಲ್ಲಿ ತಲೆ ಮೇಲಾಗಿ ನಿಲ್ಲಿಸ್ತಾರಲ್ಲ, ಕೊಳ್ಳೋರ ಕಣ್ಣಿಗೆ ಹಕ್ಕಿ ಕೆಳಗೆ ಬಿದ್ದ ಹಾಗೆ ಕಾಣುತ್ತಂತೆ. ತಿರುಗಿಸಿದ್ವಿ."

"ದಿಯೆಮ್ ಬಂದು ಎಷ್ಟು ದಿನ?"

"ಒಂದೂವರೆ ವರ್ಷ. ಇವಳು ಈ ಕೊಕ್ಕರೆ ನೋಡೇ ಇಲ್ಲ."

"ಉಗುರು ಸುತ್ತಿಸಿ ನೋಡಿ."

ಅತ್ಸುಕೊ ಸುತ್ತಿಸಿದಳು. ಮಲಗಿದ ಮಗುವನ್ನಿಡುವಂತೆ ಶಾಫ್ಟನ್ನು ಮೇಜಿನ ಮೇಲೆ ಇಟ್ಟಳು.

"ಈ ಕೈ ಯಾರದಮ್ಮಾ?"

"ಉಗುರಿಗೆ ಸಿಗದ ಹಾಗೆ ಅಂಟಿಸ್ತಿದ್ದವಳು ಒಬ್ಬಳೇ ಸಾರ್. ನನಗೆ ಕಲಿಸಿದವಳು. ಅವಳು ಕೆಲಸ ಬಿಟ್ಟ ಮರುವರ್ಷವೇ ಕೊಕ್ಕರೆ ತಿರುಗಿಸಿದ್ದು. ಆದ್ರೆ ಅವಳಾಗಿರೋಕೆ ಸಾಧ್ಯವಿಲ್ಲ. ಫುಮಿಯೆಗೆ ಈಗ ತನ್ನ ಹೆಸರೂ ನೆನಪಿಲ್ಲ."

"ಯಾರ ಮನೆಯವಳು?"

ಅತ್ಸುಕೊ ಉಗ್ರಾಣದ ಬಾಗಿಲಿನತ್ತ ನೋಡಿದಳು.

ಅದೇ ದಿನ ಮಧ್ಯಾಹ್ನ ಎರಡಕ್ಕೆ ಗುಜರಿ ಅಂಗಡಿಯ ಬೆಸ್ಶೊನನ್ನು ವಿಚಾರಿಸಲಾಯಿತು. ಮಾರಾಟಗಾರನ ವಿಳಾಸ ಅವನದೇ ಎಂದು ಬೆಳಿಗ್ಗೆಯೇ ಉತ್ತರ ಬಂದಿತ್ತು.

"ಎಲ್ಲಿಂದ ಬಂತು?"

"ತುಂಡುಗಳ ಜೊತೆ ಬರ್ತಿತ್ತು. ಬೇರೆ ಗಂಟು. ಬಟ್ಟೆ ಸುತ್ತಿ."

"ಕೊಟ್ಟೋರು ಏನಂದ್ರು?"

"ಸೊಗಾಬೆ ಅಜ್ಜ ಏನೂ ತಗೋತಿರ್ಲಿಲ್ಲ ಸಾರ್. ಮಾರ್ಬೇಡ, ಕುಲುಮೆಗೆ ಹಾಕು ಅಂದ್ರು. ಪ್ರತಿ ಸಲ ಅಂದ್ರು."

"ಹಾಕಿದ್ಯಾ?"

"ನೀವೇ ಹೇಳಿ ಸಾರ್, ಮದುವೆ ಹೆಣ್ಣಿನ ಹಾಗೆ ಹೊಳೀತಿದ್ದಾವೆ. ಹಾಗೇ ಕರಗಿಸೋಕಾಗುತ್ತಾ? ಒಂದು ಸಲ ಒರೆಸಿ ಮಾರಿದೆ, ಅಷ್ಟೇ."

"ಅಷ್ಟೇ ಅಲ್ಲ. ಜೀಪು ಹತ್ತು."

ಸೊಗಾಬೆಯವರ ಹೆಸರಿಗೆ ಹಿಮೆಜಿ ನ್ಯಾಯಾಲಯದಿಂದ ವಾರಂಟ್ ಬಂದದ್ದು ಗುರುವಾರ ಮೂರೂವರೆಗೆ. ಹೊರಡುವ ಮೊದಲು ನಿಶಿಗಾಕಿ ಅತ್ಸುಕೊಗೆ ಫೋನು ಮಾಡಿ, ಕೆಲಸ ಮುಗಿಸಿ ನೇರ ಆ ಮನೆಗೆ ಬರುವಂತೆ ಹೇಳಿದರು. ಪಂಚರಾಗಿ ಓಣಿಯ ಇಬ್ಬರನ್ನು ಕರೆದುಕೊಂಡರು.

ಜೀಪು ನಿಂತಾಗ ಐದಕ್ಕೆ ಐದು ನಿಮಿಷವಿತ್ತು. ಚಾವಣಿಯಂಚಿಗೆ ಪರ್ಸಿಮನ್ ಹಣ್ಣುಗಳನ್ನು ಸುಲಿದು ಒಣಗಲು ಕಟ್ಟಿದ್ದರು. ಬಾಗಿಲು ತೆರೆದ ಸೊಗಾಬೆ ಸಮವಸ್ತ್ರ ನೋಡಿ ಬೆಚ್ಚಲಿಲ್ಲ. ಗಡಿಯಾರ ನೋಡಿದರು.

"ಸಾರ್, ಬೂಟು ಬಿಚ್ಚಿ ಒಳಗೆ ಬನ್ನಿ. ಹಾಡು ಬರೋ ಹೊತ್ತಾಯ್ತು."

ಐದಕ್ಕೆ ಸರಿಯಾಗಿ ಊರಿನ ಧ್ವನಿವರ್ಧಕಗಳಲ್ಲಿ ದಿನ ಮುಗಿಯುವ ಹಾಡು ಹೊಳೆಯ ಮೇಲೆ ತೇಲಿ ಬಂತು. ಒಳಕೋಣೆಯಿಂದ ಅವರ ಹೆಂಡತಿ ಫುಮಿಯೆ ಎದ್ದು ಬಂದಳು. ಗೋಡೆ ತಡವುತ್ತಾ ಪಾದರಕ್ಷೆ ಹುಡುಕತೊಡಗಿದಳು. "ಆಗಿಲ್ಲ, ಇವತ್ತಿಂದು ಆಗಿಲ್ಲ," ಎನ್ನುತ್ತಾ ಅಳಲು ಶುರುಮಾಡಿದಳು. ಶಾಲೆಯಲ್ಲಿ ಒಂಟಿಯಾಗಿ ಉಳಿದುಹೋದ ಮಗುವಿನ ಅಳು ಅದು.

ಸೊಗಾಬೆ ಅವಳ ಮೊಣಕೈ ಹಿಡಿದು ಅಡಿಯಲ್ಲಿ ಕಾವಿರುವ ತಗ್ಗು ಮೇಜಿಗೆ ಕರೆತಂದರು. ನೀರಿನ ಬಟ್ಟಲಿಟ್ಟು ಒಂದು ಶಾಫ್ಟು, ಒಂದು ಪೊರೆ ಕೊಟ್ಟರು. ಅವಳು ಪೊರೆಯನ್ನು ನೀರಿಗೆ ಬಿಟ್ಟು ತುಟಿಯಲ್ಲೇ ಎಣಿಸತೊಡಗಿದಳು. ಅಳು ಏಳಕ್ಕೋ ಎಂಟಕ್ಕೋ ನಿಂತಿತು.

ಗೋಡೆಯ ಬದಿಗೆ ಬಟ್ಟೆಯಲ್ಲಿ ಸುತ್ತಿದ ಗಂಟುಗಳಿದ್ದವು. ಒಳಗೆ ಬೆಳ್ಳಿ ಹೊಳೆಯುತ್ತಿತ್ತು.

"ಎಷ್ಟು ದಿನದಿಂದ?" ನಿಶಿಗಾಕಿ ದನಿ ತಗ್ಗಿಸಿ ಕೇಳಿದರು.

"ಮಾರ್ಚಿಂದ. ಔಷಧಿ ಎಲ್ಲಾ ನೋಡಾಯ್ತು ಸಾರ್. ಒಂದು ದಿನ ನನ್ನ ಚೀಲದಲ್ಲಿ ಹರಿದ ಪೊರೆ ಬಂದಿತ್ತು. ಅವಳ ಕೈಗೆ ಸಿಕ್ತು, ಸುಮ್ಮನಾದ್ಲು."

"ಒಂದೇ ಶಾಫ್ಟು ಇಟ್ಕೊಂಡು, ರಾತ್ರಿ ಕೆರೆದು, ಮರುದಿನ ಮತ್ತೆ ಕೊಡಬಹುದಿತ್ತು. ಗುಜರಿಗೆ ಹಾಕೋ ಮುಂಚೆ ಕೆರೆದಿದ್ರೂ ಸಾಕಿತ್ತು. ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ಮೊದಲ ದಿನ ಕೆರೆದೆ." ಸೊಗಾಬೆ ತಮ್ಮ ಹೆಬ್ಬೆರಳನ್ನೇ ನೋಡುತ್ತಿದ್ದರು. "ಅವಳು ನೋಡಿಬಿಟ್ಲು. ತಪ್ಪಾಯ್ತಾ ಅಂತ ಕೇಳಿದ್ಲು. ಮೂವತ್ತೊಂದು ವರ್ಷ ಒಂದು ಶಾಫ್ಟೂ ವಾಪಸ್ಸು ಬಂದಿರ್ಲಿಲ್ಲ ಅವಳಿಗೆ. ಆಮೇಲೆ ಕೆರೆಯೋಕೂ ಆಗ್ಲಿಲ್ಲ, ಕತ್ತರಿಸೋಕೂ ಆಗ್ಲಿಲ್ಲ."

"ದಿಯೆಮ್ ಹೆಸರು ಬಂದಿದ್ದು ಗೊತ್ತಿತ್ತಾ?"

"ಗೊತ್ತಿತ್ತು."

"ಅವಳಿಗೂ ಮನೆ ಇದೆ ಸೊಗಾಬೆಯವರೇ. ಶನಿವಾರ ವಿಮಾನ."

"ನಾಳೆ ಬೆಳಿಗ್ಗೆ ಠಾಣೆಗೆ ನಾನೇ ಬರ್ತಿದ್ದೆ."

"ಸೋಮವಾರ ಬರಬಹುದಿತ್ತು."

"ಹೌದು." ಅವರ ತಲೆ ಇನ್ನಷ್ಟು ಬಾಗಿತು. "ಇನ್ನೊಂದು ಸಂಜೆ ಸಿಗ್ಲಿ ಅಂದ್ಕೊಂಡೆ. ದಿನಾ ಅದನ್ನೇ ಅಂದ್ಕೊಂಡೆ. ಆ ಹೆಣ್ಣುಮಗಳ ಮುಖ ನೋಡದೆ ಗೋಡೆ ಬದಿಗೆ ಓಡಾಡಿದೆ."

ನಿಶಿಗಾಕಿ ವಾರಂಟ್ ತೆಗೆದರು. ಓದಲು ಬಾಯಿ ತೆರೆದಾಗ ಫುಮಿಯೆ ತಲೆ ಎತ್ತದೆ ಹೇಳಿದಳು:

"ತಪಾಸಣೆಯವರಾ? ಸ್ವಲ್ಪ ತಾಳಿ. ನೀರಿಗೆ ಬಿಟ್ಟದ್ದನ್ನ ನಡುವೆ ಬಿಡೋಕಾಗಲ್ಲ."

ಎಲ್ಲರೂ ತಾಳಿದರು. ಓಗುರಾ ಲೇಖನಿ ಮುಚ್ಚಿದಳು. ಪಂಚರಿಬ್ಬರೂ ಮಂಡಿಯೂರಿ ಕೂತರು. ಕೊಕ್ಕರೆ ಕಾಗದದಿಂದ ಉಕ್ಕಿಗೆ ಜಾರಿತು, ಕೊಕ್ಕು ಹಿಡಿಯ ಕಡೆಗೆ. ಮುದುಕಿಯ ಹೆಬ್ಬೆರಳು ನಡುವಿನಿಂದ ಅಂಚಿಗೆ, ಅಂಚಿನಿಂದ ಸುತ್ತ, ಅವಸರವಿಲ್ಲದೆ ಸಾಗಿತು. ಅರಿವೆಯಲ್ಲಿ ನೀರೊತ್ತಿ, ಎರಡೂ ಕೈಯಲ್ಲಿ ಹಿಡಿದು ಇನ್‌ಸ್ಪೆಕ್ಟರಿಗೆ ಕೊಟ್ಟಳು. ಕಣ್ಣಲ್ಲಿ ಒಂದೇ ಪ್ರಶ್ನೆ.

ನಿಶಿಗಾಕಿ ದೀಪದ ಕೆಳಗೆ ಹಿಡಿದು ತಿರುಗಿಸಿದರು. ಒಂದು ಗುಳ್ಳೆಯೂ ಇರಲಿಲ್ಲ. ಪೊರೆ ಇನ್ನೂ ಹಸಿ, ಉಗುರು ಸುತ್ತಿಸುವಂತಿರಲಿಲ್ಲ. ಸುತ್ತಿಸಬೇಕಾದ ಅಗತ್ಯವೂ ಅವರಿಗೆ ಕಾಣಲಿಲ್ಲ.

"ಪಾಸು," ಎಂದರು.

ಅವಳು ಸಮಾಧಾನದಿಂದ ತಲೆಯಾಡಿಸಿ ಕೈ ಒರೆಸಿಕೊಂಡಳು.

ದಸ್ತಗಿರಿ ಐದು ಗಂಟೆ ಇಪ್ಪತ್ತಾರು ನಿಮಿಷಕ್ಕೆ. ಮುದ್ದೆಮಾಲು ಎಪ್ಪತ್ತೊಂದು ಶಾಫ್ಟು, ಹತ್ತೊಂಬತ್ತು ಪೊರೆ, ಒಂದು ಬಟ್ಟಲು. ಅಷ್ಟರಲ್ಲಿ ಅತ್ಸುಕೊ ಬಂದು ಫುಮಿಯೆಯ ಪಕ್ಕ ಕೂತು ಕಿತ್ತಳೆ ಸುಲಿಯತೊಡಗಿದ್ದಳು.

"ಇವತ್ತಿಗೆ ನಾನಿದ್ದೀನಿ. ನಾಳೆ ಐದಕ್ಕೆ ಯಾರು ಸಾರ್?" ಎಂದಳು.

ಪುರಸಭೆಯ ವೃದ್ಧರ ವಿಭಾಗಕ್ಕೆ ಓಗುರಾ ಆಗಲೇ ಫೋನು ಮಾಡಿದ್ದಳು. ಬೆಳಿಗ್ಗೆ ಒಂಬತ್ತರ ನಂತರ ಮಾಡಿ ಎಂದಿದ್ದರು.

ಎಪ್ಪತ್ತು ಶಾಫ್ಟುಗಳಿಗೆ ಅರಗಿನ ಮುದ್ರೆ ಬಿತ್ತು. ಎಪ್ಪತ್ತೊಂದನೆಯದು ಒದ್ದೆ, ಚೀಲಕ್ಕೆ ಹಾಕಿದರೆ ಕೆಡುತ್ತದೆ. ನಿಶಿಗಾಕಿ ಅದನ್ನು ಕೈಯಲ್ಲೇ ಹಿಡಿದು ಜೀಪಿನಲ್ಲಿ ಕೂತರು. ಪಕ್ಕದಲ್ಲಿ ಸೊಗಾಬೆ.

"ಅಲ್ಲಿ ಹಿಡೀಬೇಡಿ ಸಾರ್, ಬೆರಳು ಮೂಡುತ್ತೆ. ಇನ್ನೂ ಮೇಲೆ, ಹಿಡಿ ಕಡೆ."

ಇನ್‌ಸ್ಪೆಕ್ಟರ್ ಕೈ ಸರಿಸಿಕೊಂಡರು. ಜಿಜೋ ದೇವರ ತಿರುವಿನಲ್ಲಿ ಇಬ್ಬರೂ ಒಟ್ಟಿಗೆ ತಲೆಬಾಗಿದರು.

ದಿಯೆಮ್‌ಳ ಟಿಕೆಟ್ಟು ರದ್ದಾಯಿತೆಂದು ಕಿರಿಯಾ ಆರೂವರೆಗೆ ಫೋನು ಮಾಡಿ ತಿಳಿಸಿದರು. ನಾಳೆ ಬೆಳಿಗ್ಗೆ ಎಲ್ಲರೆದುರು ಅವಳ ಕ್ಷಮೆ ಕೇಳಿ ಕೀಲಿ ಮರಳಿ ಕೊಡುತ್ತೇನೆ ಎಂದರು. "ಕ್ಷಮೆ ಕೇಳಿ," ಎಂದಷ್ಟೇ ಹೇಳಿ ನಿಶಿಗಾಕಿ ಫೋನಿಟ್ಟರು.

ಓಗುರಾ ವರದಿಯ ಕೊನೆಯ ಪುಟಕ್ಕೆ ಬಂದಿದ್ದಳು.

"ಕೃತ್ಯಕ್ಕೆ ಪ್ರೇರಣೆ ಅಂತ ಒಂದು ಅಂಕಣ ಇದೆ ಸಾರ್. ಲಾಭ, ದ್ವೇಷ, ಇತರೆ. ಇತರೆ ಅಂತ ಗುರುತು ಹಾಕ್ಲಾ?"

"ಹಾಕು."

"ಪಕ್ಕದಲ್ಲಿ ವಿವರ ಬರೀಬೇಕು. ಒಂದೇ ಸಾಲು ಜಾಗ ಇದೆ."

ಎಪ್ಪತ್ತೊಂದನೆಯ ಶಾಫ್ಟು ಒಲೆಯಿಂದ ಸ್ವಲ್ಪ ದೂರದಲ್ಲಿ, ಗೋಡೆಗೊರಗಿ ಒಣಗುತ್ತಿತ್ತು. ನಿಶಿಗಾಕಿ ಅದನ್ನು ಹಿಡಿ ಮೇಲಾಗುವಂತೆ ನಿಲ್ಲಿಸಿದ್ದರು. ಮೊಣಕಾಲು ನೀವಿಕೊಳ್ಳುತ್ತಾ ಅದನ್ನೇ ನೋಡಿದರು.

"ಹೆಂಡತಿಗೆ ಸಂಜೆ ಕಳೆಯಲಿ ಎಂದು," ಎಂದರು. "ಅಷ್ಟೇ ಬರಿ."