ಗೌರತ್ತೆಯ ಕೊನೆಯ ಲೋಟ

ಬಹಳ ಹಿಂದೆ, ಬೆಟ್ಟದ ಪ್ರಾಣಿಗಳಿಗೆಲ್ಲ ಮಾತು ಬರುತ್ತಿದ್ದ ಕಾಲದಲ್ಲಿ, ಹಬೆಯೂರು ಎಂಬ ರಾಜ್ಯವಿತ್ತು. ಅಲ್ಲಿ ಚೆಲುವರಾಯ ಎಂಬ ತರುಣನಿದ್ದ. ತಂದೆ ತಾಯಿ ಇಲ್ಲದ ಅವನನ್ನು ಸಾಕಿದವಳು ಸೋದರತ್ತೆ, ಗೌರತ್ತೆ. ಅವಳು ಹಿತ್ತಾಳೆ ಫಿಲ್ಟರಿನಲ್ಲಿ ಇಳಿಸುತ್ತಿದ್ದ ಕಾಫಿಯ ಘಮಕ್ಕೆ ದಾರಿಹೋಕರ ಕಾಲು ತಾನಾಗಿಯೇ ಜಗಲಿಯತ್ತ ತಿರುಗುತ್ತಿತ್ತು. ಬಂದವರಿಗೆಲ್ಲ ಕಾಫಿ. ಚೆಲುವನಿಗಂತೂ ಎಲ್ಲರಿಗಿಂತ ಮೊದಲು, ನೊರೆ ತುಂಬಿದ ಲೋಟ.

ಅದೇ ರಾಜ್ಯದಲ್ಲಿ ಆತುರಭೈರವ ಎಂಬ ಮಾಂತ್ರಿಕನಿದ್ದ. ಕಾಯುವುದೆಂದರೆ ಅವನಿಗೆ ಮೈಯೆಲ್ಲ ಉರಿ. ‘ಹಣ್ಣಾಗಲಿ, ತಾಳಿ’ ಎಂದ ತೋಟಗಾರನನ್ನು ಕಲ್ಲು ಮಾಡಿದ್ದ. ‘ಮಡಕೆ ಒಣಗಲಿ, ತಾಳಿ’ ಎಂದ ಕುಂಬಾರನನ್ನು ಕಲ್ಲು ಮಾಡಿದ್ದ. ‘ಯೋಚಿಸಿ ಹೇಳುತ್ತೇನೆ’ ಎಂದ ಮಹಾರಾಜನನ್ನೂ ಬಿಟ್ಟಿರಲಿಲ್ಲ.

ಒಂದು ಬೆಳಿಗ್ಗೆ ಅವನು ಗೌರತ್ತೆಯ ಜಗಲಿ ಹತ್ತಿ ಕಾಫಿ ಕೇಳಿದ.

“ಡಿಕಾಕ್ಷನ್ ಇಳೀತಾ ಇದೆ, ಸ್ವಲ್ಪ ಕೂತ್ಕೊಳ್ಳಿ,” ಎಂದಳು ಅತ್ತೆ.

“ನನ್ನನ್ನೇ ಕಾಯಿಸುತ್ತೀಯಾ?” ಎಂದು ಅವನು ಕೋಲು ಬೀಸಿದ. ಅತ್ತೆ ನಿಂತಲ್ಲೇ ಕಲ್ಲಾದಳು.

ಚೆಲುವರಾಯ ಅಳುತ್ತ ಅವನ ಕಾಲು ಹಿಡಿದ. ಶಾಪ ಕೊಟ್ಟವನು ಅದರ ಬಿಡುಗಡೆಯನ್ನೂ ಹೇಳಲೇಬೇಕು, ಅದು ಮಾಂತ್ರಿಕರ ಕಟ್ಟಳೆ.

“ಇವಳು ದಿನಾ ಕುಡಿಯುತ್ತಿದ್ದ ಕಾಫಿಯನ್ನು ನಿನ್ನ ಕೈಯಾರೆ ಮಾಡಿ ತುಟಿಗೆ ಮುಟ್ಟಿಸು. ನಾನು ಕಲ್ಲು ಮಾಡಿದವರೆಲ್ಲ ಏಳುತ್ತಾರೆ, ನಾನೇ ಕಲ್ಲಾಗುತ್ತೇನೆ. ಮೂರು ಸಲ ಮಾಡಿ ನೋಡು. ಮೂರನೆಯದೂ ತಪ್ಪಿದರೆ ನೀನೂ ಕಲ್ಲು!” ಎಂದು ಭೈರವ, ಅವನು ಸೋಲುವುದನ್ನು ನೋಡುವ ಆಸೆಗೆ ಚಡಪಡಿಸುತ್ತಲೇ ಜಗಲಿಯ ಮೇಲೆ ಕೂತ.

ಅತ್ತೆಗೆ ಲೋಕದಲ್ಲೇ ಒಳ್ಳೆಯ ಬೀಜ ಬೇಕೆಂದು ಚೆಲುವ ಬೆಟ್ಟ ಹತ್ತಿದ. ಕಾಫಿ ಗಿಡಗಳನ್ನು ಬೆಂಕಿಮೈ ಹುಲಿಯೊಂದು ಕಾಯುತ್ತಿತ್ತು.

“ಯಾರಿಗೆ?” ಎಂದು ಗರ್ಜಿಸಿತು ಹುಲಿ.

“ನನ್ನನ್ನು ಸಾಕಿದವಳಿಗೆ.”

ಹುಲಿ ದಾರಿ ಬಿಟ್ಟಿತು. ಅವನು ಬೀಜ ತಂದು ಹುರಿದು, ಪುಡಿ ಮಾಡಿ, ಫಿಲ್ಟರಿಗೆ ಹಾಕಿ, ಕುದಿನೀರು ಸುರಿದ. ಡಿಕಾಕ್ಷನ್ ಗಟ್ಟಿಯಾಗಿ ಇಳಿಯಿತು. ಕಾಫಿ ಬೆರೆಸಿ ಅತ್ತೆಯ ತುಟಿಗೆ ಮುಟ್ಟಿಸಿದ. ಕಲ್ಲು ಕಲ್ಲಾಗಿಯೇ ಉಳಿಯಿತು.

ಹಾಲು ಸರಿಯಿಲ್ಲವೇನೋ ಎಂದುಕೊಂಡು ಬೆಳ್ಳಿ ಕೊಂಬಿನ ಎಮ್ಮೆಯನ್ನು ಹುಡುಕಿ ಹೋದ. ಅದನ್ನು ಏಳು ಹೆಡೆಯ ಸರ್ಪ ಕಾಯುತ್ತಿತ್ತು.

“ಯಾರಿಗೆ?” ಎಂದು ಬುಸುಗುಟ್ಟಿತು ಸರ್ಪ.

“ನನ್ನನ್ನು ಸಾಕಿದವಳಿಗೆ.”

ಸರ್ಪ ಏಳು ಹೆಡೆಯನ್ನೂ ಮಡಚಿತು. ಆ ಹಾಲಿನಲ್ಲಿ ಕೆನೆಗಟ್ಟುವ ಕಾಫಿ ಮಾಡಿದ. ಅತ್ತೆ ಅಲುಗಲಿಲ್ಲ.

ಭೈರವ ಗಹಗಹಿಸಿ ನಕ್ಕ. ಚೆಲುವ ಫಿಲ್ಟರ್ ತೊಳೆಯಲು ಹೋದ. ಒಳಗೆ ಉಳಿದ ಕಾಫಿಪುಡಿಯ ಚರಟ ಚೆಲ್ಲಬೇಕು, ಅಷ್ಟರಲ್ಲಿ ಅತ್ತೆ ದಿನಾ ಹೇಳುತ್ತಿದ್ದ ಮಾತು ನೆನಪಾಯಿತು: “ಚರಟ ಚೆಲ್ಲಬೇಡ್ವೋ, ಇನ್ನೊಂದು ನೀರು ಹಾಕ್ಕೋತೀನಿ.”

ಯಾರಿಗೆ? ಈ ಸಲ ಅವನೇ ತನ್ನನ್ನು ಕೇಳಿಕೊಂಡ. ಎಲ್ಲರಿಗೂ ಕೊಟ್ಟಾದ ಮೇಲೆ, ಅದೇ ಚರಟಕ್ಕೆ ಮತ್ತೆ ನೀರೆರೆದು, ತಳದಲ್ಲಿ ಉಳಿದ ಹಾಲು ಬೆರೆಸಿ ಅತ್ತೆ ಒಲೆ ಮುಂದೆ ಕುಡಿಯುತ್ತಿದ್ದಳು. “ನಂಗೆ ತೆಳ್ಳಗಿದ್ರೇ ಸೇರೋದು” ಎನ್ನುತ್ತಿದ್ದಳು. ದಿನಾ ಮೊದಲ ಲೋಟ ಕುಡಿದ ಈ ಮಹಾರಾಯ ಅದನ್ನು ನಂಬಿಯೂ ಇದ್ದ!

ಚರಟದ ಮೇಲೆಯೇ ಬಿಸಿನೀರು ಸುರಿದ. ತೊಟ್ಟು ತೊಟ್ಟಾಗಿ ಇಳಿಯತೊಡಗಿತು.

“ಬೇಗ! ಅದನ್ನು ಕುಟ್ಟು, ತಟ್ಟು!” ಎಂದು ಭೈರವ ಕುಣಿದಾಡಿದ.

“ಅದು ಇಳಿಯುವಾಗ ಇಳಿಯುತ್ತೆ, ಸ್ವಾಮಿ,” ಎಂದ ಚೆಲುವ.

ತಳದ ಹಾಲು ಬೆರೆಸಿದ ಆ ತೆಳು ಕಾಫಿ ತುಟಿಗೆ ಸೋಕಿದ್ದೇ ತಡ, ಅತ್ತೆ ಕಣ್ಣು ಬಿಟ್ಟಳು.

“ನೀನು ಕುಡಿದ್ಯೇನೋ?” ಎಂಬುದೇ ಅವಳ ಮೊದಲ ಮಾತು.

ಭೈರವ ಬಾಯಿ ತೆರೆದಂತೆಯೇ ಕಲ್ಲಾದ. ಕುಂಬಾರ ಎದ್ದ, ತೋಟಗಾರ ಎದ್ದ, ಮಹಾರಾಜ ಮೈಮುರಿದು ಎದ್ದ. ಕಾಫಿ ಬೀಜ ಒಣಹಾಕಲು ಆ ಭೈರವನ ಬೆನ್ನು ಬಲು ಅನುಕೂಲವಾಯಿತಂತೆ.

ಚೆಲುವ ಅತ್ತೆ ಮಾಡುತ್ತಿದ್ದ ಹಾಗೆಯೇ ಹೊಸ ಪುಡಿ ಹಾಕಿ, ಮೊದಲ ಡಿಕಾಕ್ಷನ್ನಿನ ಮೊದಲ ಲೋಟವನ್ನು ಅತ್ತೆಯ ಕೈಗಿಟ್ಟ. “ಇಷ್ಟು ವರ್ಷ ನನಗೆ ಕೊಟ್ಟೆ. ಇವತ್ತು ನೀನು ಕುಡಿ, ಅತ್ತೆ.”

ಅತ್ತೆ ಒಂದು ಗುಟುಕು ಕುಡಿದು ಬೆರಗಾದಳು. “ಅಯ್ಯೋ, ನಾನು ಮಾಡೋ ಕಾಫಿ ಇಷ್ಟು ಚೆನ್ನಾಗಿರತ್ತೇನೋ?”

ಅಂದಿನಿಂದ ಹಬೆಯೂರಿನಲ್ಲಿ ಮೊದಲ ಲೋಟ, ಕಾಫಿ ಮಾಡಿದವರದೇ ಆಯಿತು. ಎಲ್ಲರೂ ಸುಖವಾಗಿ ಬಾಳಿದರು. ಗೌರತ್ತೆ ಮಾತ್ರ ತನ್ನ ಲೋಟದಿಂದ ಅರ್ಧವನ್ನು ಚೆಲುವನ ಬಟ್ಟಲಿಗೆ ಬಗ್ಗಿಸದೆ ಒಂದು ದಿನವೂ ಕುಡಿಯಲಿಲ್ಲ.