ಕೈಗವಸಿನೊಳಗಿನ ಹಸಿರು

ಹಿಮಗುಹೆಯ ಕೊನೆಯವರೆಗೆ ಹೋಗಿ ಬರಬೇಕು, ಅಷ್ಟೇ ಕೆಲಸ. ಅಕ್ಕ ನೇಯ್ದ ಕೋಟು ಅಲ್ಲಿ ಪಾಸಾದರೆ ರಕ್ಷಣಾ ದಳದವರೆಲ್ಲ ಅದನ್ನೇ ತೊಡುವರು. ಕೋಟಿನ ಜಾಣತನವೆಲ್ಲ ತೋಳಿನ ತುದಿಯ ಪಟ್ಟಿಯಲ್ಲಿತ್ತು: ಗಾಳಿ ಚೆನ್ನಾಗಿದ್ದರೆ ಹಸಿರು, ಕೆಟ್ಟರೆ ಕೆಂಪು. ಇದ್ದದ್ದು ಒಂದೇ ಕೋಟು, ತೊಟ್ಟವನು ಅವಳ ತಮ್ಮ. ದಾರಿ ತೋರಿಸಲು ಬಂದವನು ಡುಮ್ಮಣ್ಣ. ಬೆಟ್ಟ ಹತ್ತುವುದರಲ್ಲಿ ಆಡು, ಊಟಕ್ಕೆ ಕೂತರೆ ಆನೆ.

ಗುಹೆ ಸೊಗಸಾಗಿತ್ತು. ಗೋಡೆಗಳೆಲ್ಲ ನೀಲಿ ಮಂಜುಗಡ್ಡೆ. ಅದರೊಳಗೆ ಸಿಕ್ಕಿಕೊಂಡ ಗುಳ್ಳೆಗಳು ಟಾರ್ಚಿನ ಬೆಳಕಿಗೆ ಮಿನುಗುತ್ತಿದ್ದವು. ಕೊನೆ ಮುಟ್ಟಿ ಹಿಂದಿರುಗುವಾಗ ಮೇಲಿನಿಂದ ಗುಡುಗಿನಂಥ ಸದ್ದು. ಎದುರಿನ ದಾರಿ ಹಿಮದಡಿ ಮುಚ್ಚಿಹೋಯಿತು.

ಅಗೆದರು. ಅಗೆದಷ್ಟೂ ಹಿಮ ಜರಿಯಿತು. ಕೈ ಮರಗಟ್ಟಿತು.

"ಸ್ಟೌ ಹಚ್ಚೋಣ, ಬೆರಳಾದ್ರೂ ಉಳೀಲಿ," ಎಂದ ಡುಮ್ಮಣ್ಣ.

"ಗಾಳಿ ಹೇಗಿದೆಯೋ?" ಅಕ್ಕ ಕೇಳಿದಳು.

ತಮ್ಮ ಕೈಗವಸು ತುಸು ಸರಿಸಿ ಇಣುಕಿದ. "ಹಸಿರು ಕಣೇ. ಹಚ್ಚಿ."

ಹಚ್ಚಿದರು. ಅಕ್ಕ ಆಗಾಗ ಕೇಳಿದಳು, ತಮ್ಮ ಇಣುಕಿ ಹಸಿರೆಂದ. ಆದರೆ ಅವಳ ತಲೆ ಸಿಡಿಯತೊಡಗಿತು. ಡುಮ್ಮಣ್ಣ ಕೂತಲ್ಲೇ ತೂಕಡಿಸಿದ. ತಮ್ಮನ ಮಾತು ತೊದಲಿತು. ಅಯ್ಯೋ, ಕೋಟು ಸುಳ್ಳು ಹೇಳುತ್ತಿದೆಯೇ?

ಅಕ್ಕ ತೆವಳಿ ಹೋಗಿ ಅವನ ಕೈಗವಸನ್ನೇ ಕಿತ್ತೆಸೆದಳು. ಚಳಿಗೆಂದು ಅವನು ತೋಳಿನ ಪಟ್ಟಿಯನ್ನು ಗವಸಿನೊಳಗೆ ಬಿಗಿಯಾಗಿ ಸಿಕ್ಕಿಸಿದ್ದ. ಪಟ್ಟಿ ಪಾಪ, ಗವಸಿನೊಳಗಿನ ಗಾಳಿಯನ್ನಷ್ಟೇ ಕಂಡಿತ್ತು. ಹೊರಗೆ ಬಂದದ್ದೇ ತಡ, ಕೆಂಪಗಾಯಿತು.

"ಸ್ಟೌ ಆರ್ಸಿ! ಏಳೋ, ಮಲಗಬೇಡ! ಅಮ್ಮನಿಗೆ ಹೇಗೆ ಮುಖ ತೋರಿಸ್ಲೋ ನಾನು!"

ಕೊನೆಗೆ ತಾನೇ ಸ್ಟೌ ಆರಿಸಿ, ಅಳುತ್ತಲೇ ತಮ್ಮನ ಕೈ ಹಿಡಿದು ಗೋಡೆಯುದ್ದಕ್ಕೂ ಎಳೆದಾಡಿದಳು. ಒಂದು ಬಿರುಕು, ಕೆಂಪು. ಇನ್ನೊಂದು, ಕೆಂಪೇ. ನೆಲಮಟ್ಟದ ಸಂದಿಯ ಬಳಿ ಬಣ್ಣ ಮಾಸಿ, ನಿಧಾನಕ್ಕೆ ಹಸಿರಾಯಿತು.

"ಇಲ್ಲೇ! ಹೊಡೀರಿ!"

ಕಣ್ಣು ಮಂಜಾಗಿದ್ದರೂ ಡುಮ್ಮಣ್ಣ ಕೊಡಲಿ ಬೀಸಿದ. ಸಂದಿ ಅಗಲವಾಯಿತು. ಅಕ್ಕ ತಮ್ಮನನ್ನು ಮುಂದೆ ತಳ್ಳಿ ತಾನೂ ತೂರಿದಳು. ಡುಮ್ಮಣ್ಣ ನಡುವಲ್ಲೇ ಸಿಕ್ಕಿಬಿದ್ದ.

"ನೀವು ಹೋಗಿಬಿಡಿ. ನನ್ನ ಕೈಲಾಗಲ್ಲ."

"ಮಾತು ಸಾಕು ಅಣ್ಣ! ಉಸಿರು ಬಿಡಿ, ಹೊಟ್ಟೆ ಒಳಗೆ ಎಳ್ಕೊಳ್ಳಿ!"

ಇಬ್ಬರೂ ಸೇರಿ ಎಳೆದರು. ಗುಂಡಿಗಳೆಲ್ಲ ಕಿತ್ತುಹೋದವು, ಆಳು ಬಂದ.

ಆಚೆ ಬಿಸಿಲು. ಮೂವರೂ ಹಿಮದ ಮೇಲೆ ಬಿದ್ದುಕೊಂಡು ಎದೆ ತುಂಬ ಉಸಿರೆಳೆದರು.

"ಎಲ್ಲ ನನ್ನಿಂದಾನೇ," ತಮ್ಮ ತಲೆ ತಗ್ಗಿಸಿದ. "ನಿನ್ನ ಕೋಟಿನ ಪರೀಕ್ಷೆ ಕೆಡಿಸಿಬಿಟ್ಟೆ."

ಅಕ್ಕ ಅವನ ಬರಿಗೈಯನ್ನು ಉಜ್ಜುತ್ತಿದ್ದಳು. "ಚಳಿಗೆ ಯಾರಾದ್ರೂ ಮಣಿಕಟ್ಟು ಮುಚ್ಕೋತಾರೆ ಕಣೋ, ಪೆದ್ದ. ಬೆಚ್ಚಗೆ ಕೂತು ನೇಯ್ದೋಳಿಗೆ ಅದು ಹೊಳೀಲಿಲ್ಲ. ಪಟ್ಟಿ ಎದೆ ಮೇಲಿರ್ಬೇಕು. ಮತ್ತೆ ನೇಯ್ತೀನಿ. ತೊಡೋದೂ ನಾನೇ."

ತಮ್ಮ ಒಪ್ಪಲಿಲ್ಲ. ಬೆಟ್ಟ ಇಳಿಯುವವರೆಗೂ ಅದೇ ಜಗಳ. ಸದ್ಯ, ಜಗಳವಾಡಲು ಇಬ್ಬರೂ ಇದ್ದರು.