ಅಸ್ಥಿಶ್ರುತಿಗೆ ಕೇಳದ ನೋವು

2057ರ ಜನವರಿಯ ಒಂದು ಬೆಳಿಗ್ಗೆ. ವಿಜಯಪುರದ ಹೊರವಲಯದ ಕ್ರೀಡಾ ವಿಜ್ಞಾನ ವಿಶ್ವವಿದ್ಯಾಲಯದ ಮೈದಾನದಲ್ಲಿ ಹದಿನಾಲ್ಕು ಓಟಗಾರ್ತಿಯರು ಸುತ್ತು ಹಾಕುತ್ತಿದ್ದರು. ಪ್ರತಿಯೊಬ್ಬರ ಮೊಣಕಾಲ ಕೆಳಗೂ ಎರಡು ಬೆರಳಗಲದ ಬೂದು ಪಟ್ಟಿ. ಓಡುವಾಗ ಎಲುಬಿನೊಳಗೆ ಕೂದಲಿಗಿಂತ ತೆಳುವಾದ ಬಿರುಕು ಮೂಡಿದರೆ ಕಿವಿಗೆ ಕೇಳದಷ್ಟು ಸಣ್ಣ ಸದ್ದಾಗುತ್ತದೆ. ಆ ಸದ್ದನ್ನು ಹಿಡಿದು, ಎಲುಬು ಮುರಿಯುವ ಎರಡು ಮೂರು ವಾರ ಮೊದಲೇ ಎಚ್ಚರಿಸುವುದು ಪಟ್ಟಿಯ ಕೆಲಸ. ಅದನ್ನು ಕಂಡುಹಿಡಿದ ಪ್ರೊಫೆಸರ್ ಮೆಹರುನ್ನಿಸಾ ಇನಾಮದಾರ ಅದಕ್ಕೆ ಅಸ್ಥಿಶ್ರುತಿ ಎಂದು ಹೆಸರಿಟ್ಟಿದ್ದರು. ಅದು ಬಂದ ಆರು ವರ್ಷಗಳಲ್ಲಿ ಆ ಮೈದಾನದಲ್ಲಿ ಯಾರ ಕಾಲೂ ಮುರಿದಿರಲಿಲ್ಲ.

ಮೈದಾನದ ಅಂಚಿನಲ್ಲಿ, ಪಟ್ಟಿಗಳ ಸಂಕೇತ ತೋರಿಸುವ ಪುಟ್ಟ ಪರದೆ ಹಿಡಿದು ನಿಂತಿದ್ದವಳು ಕಸ್ತೂರಿ ರಾಠೋಡ, ಆರೋಗ್ಯ ಮತ್ತು ಕ್ರೀಡಾ ವಿಜ್ಞಾನದ ಮೂರನೇ ವರ್ಷದ ವಿದ್ಯಾರ್ಥಿನಿ. ಹದಿನೇಳನೆಯ ವಯಸ್ಸಿನವರೆಗೂ ತಾಂಡಾದಿಂದ ಜಿಲ್ಲಾ ತಂಡದವರೆಗೆ ಓಡಿ ಬಂದವಳು. ಕಣಕಾಲು ನೋಯುತ್ತದೆ ಎಂದಾಗ ಅಂದಿನ ತರಬೇತುದಾರರು ನೆಪ ಎಂದಿದ್ದರು. ಮರುವಾರ ಓಟದ ನಡುವೆಯೇ ಎಲುಬು ಮುರಿದಿತ್ತು. ಅವಳು ಈ ವಿಷಯ ಆರಿಸಿಕೊಂಡದ್ದು ಆಸ್ಪತ್ರೆಯ ಮಂಚದ ಮೇಲೆ.

ಐದನೆಯ ಸುತ್ತಿನಲ್ಲಿ ಜಯಶೀಲಾ ಹೊಸಮನಿ ಕುಂಟುತ್ತಾ ಬಂದು ಹುಲ್ಲಿನ ಮೇಲೆ ಕೂತುಬಿಟ್ಟಳು. ತಂಡದಲ್ಲಿ ಎಲ್ಲರಿಗಿಂತ ವೇಗದ ಹುಡುಗಿ. ಗುವಾಹಟಿಯ ಕ್ರೀಡಾಕೂಟ ಮುಗಿಸಿ, ಎರಡು ದಿನ ರೈಲಿನಲ್ಲಿ ಕೂತು, ಹಿಂದಿನ ದಿನವಷ್ಟೇ ಮರಳಿದ್ದಳು. ಮರುದಿನ ರಾಷ್ಟ್ರೀಯ ತಂಡದ ಆಯ್ಕೆ ಇತ್ತು.

ತರಬೇತುದಾರ ಮಠಪತಿ ಕಸ್ತೂರಿಯ ಪರದೆಯತ್ತ ಬಗ್ಗಿ ನೋಡಿದರು. ಹಸಿರು.

“ಏನೂ ಆಗಿಲ್ಲ ನಿನಗ,” ಎಂದು ಕೂಗಿದರು. “ನಾಳೆ ಆಯ್ಕೆ ಐತಿ ಅಂತ ಅಂಜಾಕತ್ತಿ, ಅಷ್ಟ. ಏಳು, ಓಡು.”

“ಖರೇನ ನೋಯಾಕತ್ತೈತ್ರಿ ಸರ್.”

“ಪಟ್ಟಿ ಹಸಿರು ಐತಲ್ಲವಾ!”

ಕಸ್ತೂರಿಯ ಕೆಲಸ ಪರದೆಯಲ್ಲಿದ್ದದ್ದನ್ನು ದಾಖಲಿಸುವುದು ಮಾತ್ರ. ‘ಎಲುಬು ಸುಸ್ಥಿತಿ’ ಎಂದು ಬರೆದೂ ಆಗಿತ್ತು. ಆದರೂ ಅವಳು ಪರದೆಯನ್ನು ಹುಲ್ಲಿನ ಮೇಲಿಟ್ಟು ಹುಡುಗಿಯ ಪಕ್ಕ ಕೂತಳು.

“ಎಲ್ಲಿ ನೋಯತೈತಿ? ಬೆರಳಿಟ್ಟು ತೋರಸು.”

ಜಯಶೀಲಾ ಕಾಲಿನ ಮುಂಭಾಗದ ಎಲುಬನ್ನು ಮುಟ್ಟಲಿಲ್ಲ; ಹಿಂದಿನ ಮೀನಖಂಡವನ್ನು ತೋರಿಸಿದಳು.

“ಓಡಿದಾಗ ಅಷ್ಟ ಏನು?”

“ಇಲ್ಲ ಅಕ್ಕಾ, ಸುಮ್ಮ ಕುಂತರೂ ನೋಯತೈತಿ. ರೈಲಿನ್ಯಾಗ ಶುರು ಆತು.”

“ಯಾರಿಗೂ ಹೇಳಲಿಲ್ಲ ಯಾಕ?”

“ಪಟ್ಟಿ ಹಸಿರ ಇತ್ತಲ್ಲ. ಸುಳ್ಳ ಹೇಳ್ತಾಳ ಅಂತಿದ್ರು.”

ಕಸ್ತೂರಿ ಕೈಯಿಟ್ಟಳು. ಎಡಗಾಲು ಬಿಸಿಯಾಗಿತ್ತು, ಬಿಗಿದಿತ್ತು. ಚೀಲದಿಂದ ಅಳತೆಪಟ್ಟಿ ತೆಗೆದು ಎರಡೂ ಕಾಲು ಸುತ್ತಿ ನೋಡಿದಳು. ಬಲಗಾಲಿಗಿಂತ ಎಡಗಾಲು ಮೂರೂವರೆ ಸೆಂಟಿಮೀಟರ್ ದಪ್ಪ. ಎರಡನೇ ವರ್ಷದ ತರಗತಿಯಲ್ಲಿ ಓದಿದ್ದ ಒಂದು ಪುಟ ಅವಳಿಗೆ ನೆನಪಾಯಿತು.

“ಸರ್, ಇಕಿ ಓಡಬಾರದು. ನಡೀಲೂಬಾರದು. ಆಂಬುಲೆನ್ಸ್ ಕರಸ್ರಿ.”

“ಯಂತ್ರಕ್ಕಿಂತ ನಿನಗ ಜಾಸ್ತಿ ಗೊತ್ತೇನು?”

“ಯಂತ್ರ ಎಲುಬಿನ ಸುದ್ದಿ ಅಷ್ಟ ಹೇಳತೈತ್ರಿ. ಇದು ರಕ್ತನಾಳದ್ದು ಇರಬಹುದು. ನನ್ನದು ತಪ್ಪಾದ್ರ ನಾನ ಜವಾಬ್ದಾರಿ.” ಅವರ ಉತ್ತರಕ್ಕೆ ಕಾಯದೆ ಇನಾಮದಾರ ಮೇಡಂಗೆ ಫೋನ್ ಮಾಡಿದಳು. ಮೇಡಂ ಬಾವು ಎಷ್ಟಿದೆ, ಉಸಿರು ಕಟ್ಟುತ್ತಿದೆಯೇ ಎಂದು ಎರಡೇ ಪ್ರಶ್ನೆ ಕೇಳಿ, “ಈಗಿಂದೀಗ ಕಳಸು, ನಾನೂ ಬರ್ತೀನಿ” ಎಂದರು.

ಆಸ್ಪತ್ರೆಯ ಸ್ಕ್ಯಾನಿನಲ್ಲಿ ಕಾಲಿನ ಆಳದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕಂಡಿತು. ತಾಸುಗಟ್ಟಲೆ ಕಾಲಾಡಿಸದೆ, ನೀರು ಕುಡಿಯದೆ ಕೂತವರಲ್ಲಿ ಒಮ್ಮೊಮ್ಮೆ ಹೀಗಾಗುತ್ತದೆ. ಅದು ಕಳಚಿಕೊಂಡು ಪುಪ್ಪುಸಕ್ಕೆ ಹೋಗಿದ್ದರೆ ಹುಡುಗಿ ಉಳಿಯುವುದು ಕಷ್ಟವಿತ್ತು. “ಸರಿಯಾದ ಹೊತ್ತಿಗೆ ತಂದಿರಿ,” ಎಂದರು ವೈದ್ಯರು. “ಔಷಧದಿಂದ ಕರಗುತ್ತದೆ. ಕೆಲವು ತಿಂಗಳ ನಂತರ ಮತ್ತೆ ಓಡಬಹುದು.”

ಆ ಮಾತು ಕೇಳಿ ಕಸ್ತೂರಿ ಗೋಡೆಗೊರಗಿ ನೆಲದ ಮೇಲೆಯೇ ಕೂತಳು. ಬೆಳಿಗ್ಗೆಯಿಂದ ಬಿಗಿಹಿಡಿದಿದ್ದ ಉಸಿರು ಅಳುವಾಗಿ ಹೊರಬಂತು. ಒಳಗೆ ಜಯಶೀಲಾ ಆಯ್ಕೆ ತಪ್ಪಿದ್ದಕ್ಕೆ ಅಳುತ್ತಾಳೆಂದು ಎಲ್ಲರೂ ಅಂದುಕೊಂಡಿದ್ದರು. ಅವಳು ನಗುತ್ತಿದ್ದಳು. “ಅಕ್ಕಾ, ನಾ ಸುಳ್ಳ ಹೇಳಿರಲಿಲ್ಲ, ಹೌದಿಲ್ಲೋ?”

ಮಠಪತಿ ಬಾಗಿಲಲ್ಲೇ ನಿಂತಿದ್ದರು. “ಎದುರಿಗೇ ಇದ್ದಿ. ನಿನ್ನ ಮುಖಾನ ನೋಡಲಿಲ್ಲವಾ ನಾ,” ಎಂದರು ಜಯಶೀಲಾಳಿಗೆ.

ಇನಾಮದಾರ ಮೇಡಂ ಸಂಜೆಯವರೆಗೂ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಕೊನೆಗೆ ಕಸ್ತೂರಿಯನ್ನು ಪಕ್ಕಕ್ಕೆ ಕರೆದರು. “ಹುಡುಗ್ಯಾರ ಮಾತು ಯಾರೂ ನಂಬಂಗಿಲ್ಲ, ಅವರಿಗೊಂದು ಸಾಕ್ಷಿ ಇರಲಿ ಅಂತ ಆ ಪಟ್ಟಿ ಮಾಡಿದೆ. ಈಗ ನೋಡು, ಪಟ್ಟಿ ಸಾಕ್ಷಿ ಹೇಳದಿದ್ರ ಅವರು ಬಾಯಿ ತೆರೆಯೂದನ್ನ ಬಿಟ್ಟಾರ.”

ಆ ತಿಂಗಳೇ ಅಸ್ಥಿಶ್ರುತಿಯಲ್ಲಿ ಒಂದು ಬದಲಾವಣೆ ಮಾಡಿದರು. ಓಟಗಾರ್ತಿಗೆ ಹೇಗಿದ್ದೀ ಎಂದು ಕೇಳಿ, ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ದಾಖಲಿಸುವವರೆಗೆ ಪರದೆ ಹಸಿರನ್ನೂ ತೋರಿಸುತ್ತಿರಲಿಲ್ಲ, ಕೆಂಪನ್ನೂ ತೋರಿಸುತ್ತಿರಲಿಲ್ಲ. ಮೊದಲ ವಾರವೇ ಒಬ್ಬಳು ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ ಎಂದಳು. ಇನ್ನೊಬ್ಬಳು ತೂಕ ಇಳಿಸಲು ಊಟ ಬಿಟ್ಟಿದ್ದಳು. ಮತ್ತೊಬ್ಬಳಿಗೆ ತಾಯಿ ತೀರಿಕೊಂಡಾಗಿನಿಂದ ನಿದ್ದೆಯೇ ಇರಲಿಲ್ಲ. ಮೂವರಿಗೂ ಪಟ್ಟಿ ಅಲ್ಲಿಯವರೆಗೆ ದಿನವೂ ಹಸಿರು ತೋರಿಸಿತ್ತು.

ಮುಂದಿನ ವರ್ಷ ಮೊದಲ ತರಗತಿಯಲ್ಲಿ ಹೊಸ ವಿದ್ಯಾರ್ಥಿಯೊಬ್ಬ ಎದ್ದು ನಿಂತು, ಈ ಸುಧಾರಣೆಗೆ ಯಾವ ಹೊಸ ತಂತ್ರಜ್ಞಾನ ಬೇಕಾಯಿತು ಎಂದು ಕೇಳಿದ.

“ಯಾವುದೂ ಬೇಕಾಗಲಿಲ್ಲ,” ಎಂದರು ಇನಾಮದಾರ ಮೇಡಂ. “ಹೇಗಿದ್ದೀ ಎಂದು ಮೂವತ್ತು ವರ್ಷದ ಹಿಂದೆಯೂ ಯಾರು ಬೇಕಾದರೂ ಕೇಳಬಹುದಿತ್ತು.”